ಅತ್ತೆಗೊಂದು ಬೆಂಚು, ಮಕ್ಕಳಿಗೊಂದು ಜೋಕಾಲಿ

ಎಲ್ಲ ಶುರುವಾದದ್ದು ಒಂದು ಸ್ಕೂಟರಿನ ಕನ್ನಡಿಯಿಂದ.

ಅಕ್ಟೋಬರ್ ರಜೆ. ಮಂಗಳೂರಿನ ಬಿಜೈಯಲ್ಲಿರುವ ನಮ್ಮ ಫ್ಲ್ಯಾಟಿನ ಪಾರ್ಕಿಂಗಿನಲ್ಲಿ ಮಕ್ಕಳ ಕ್ರಿಕೆಟ್ ನಡೆದಿತ್ತು. ನನ್ನ ಮಗನಿಗೆ ಏಳು ವರ್ಷ, ಹೊಡೆತ ಮಾತ್ರ ಹದಿನೇಳರದ್ದು. ಚೆಂಡು ಹೋಗಿ ಎರಡನೇ ಮಹಡಿಯ ಅಂಕಲ್‌ನ ಸ್ಕೂಟರ್ ಕನ್ನಡಿಗೆ ಬಡಿಯಿತು. ಅಂಕಲ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಚೂರುಗಳನ್ನು ಪೇಪರಿನಲ್ಲಿ ಸುತ್ತಿ ಎತ್ತಿಟ್ಟು, "ಪರವಾಗಿಲ್ಲ, ಮಕ್ಕಳಲ್ವಾ" ಅಂದರು. ಮರುದಿನ ಲಿಫ್ಟಿನ ಪಕ್ಕ ಒಂದು ಚೀಟಿ ಅಂಟಿತ್ತು. ಪಾರ್ಕಿಂಗ್ ಜಾಗದಲ್ಲಿ ಮಕ್ಕಳು ಆಡಬಾರದು. ಎಲ್ಲಿ ಆಡಬೇಕು ಅಂತ ಚೀಟಿಯಲ್ಲಿ ಬರೆದಿರಲಿಲ್ಲ.

ನನ್ನ ಗಂಡ ಇದೇ ಊರಲ್ಲಿ ಬೆಳೆದವರು. ಅವರ ಕಾಲದಲ್ಲಿ ಗದ್ದೆ ಕೊಯ್ದ ಮೇಲೆ ಮುಂದಿನ ಮಳೆಯವರೆಗೆ ಅದೇ ಮೈದಾನ. ಮಂಗಳೂರು ಗುಡ್ಡೆಗಳ ಊರು, ಸಮತಟ್ಟು ಜಾಗ ಅಂದರೆ ಗದ್ದೆಯೇ. ಈಗ ಆ ಗದ್ದೆಗಳ ಮೇಲೆ ನಮ್ಮಂಥವರ ಫ್ಲ್ಯಾಟುಗಳಿವೆ. ಹಾಗಾಗಿ ದೂರಲಿಕ್ಕೂ ಬಾಯಿ ಬರುವುದಿಲ್ಲ.

ಸರಿ, ಪಾರ್ಕ್ ಹುಡುಕುವ ಅಂತ ತೀರ್ಮಾನ ಮಾಡಿದೆವು. ನಾವು ಅಂದರೆ ಐದು ಜನ. ಗಂಡ, ನಾನು, ಮಗ, ಮೂರು ವರ್ಷದ ಮಗಳು, ಮತ್ತೆ ಅತ್ತೆ. ಅತ್ತೆಗೆ ಎಪ್ಪತ್ತು ದಾಟಿದೆ, ಮೊಣಕಾಲು ನೋವು. ಅವರನ್ನು ಮನೆಯಲ್ಲಿ ಬಿಟ್ಟು ಹೋಗಬಹುದಿತ್ತು. ಆದರೆ ಸಂಜೆ ಐದು ಗಂಟೆಗೆ ಒಬ್ಬರೇ ಬಾಲ್ಕನಿಯಲ್ಲಿ ನಿಂತು ನಮಗೆ ಟಾಟಾ ಮಾಡುವುದನ್ನು ನೋಡಲಿಕ್ಕೆ ನನ್ನಿಂದ ಆಗುತ್ತಿರಲಿಲ್ಲ.

ಮೊದಲು ಹೋದದ್ದು ಕದ್ರಿಗೆ. ಮಂಗಳೂರಿನವರಿಗೆ ಪಾರ್ಕ್ ಅಂದರೆ ಕದ್ರಿ, ಬೇರೆ ಹೆಸರೇ ಬಾಯಿಗೆ ಬರುವುದಿಲ್ಲ. ದೊಡ್ಡ ದೊಡ್ಡ ಮರಗಳು, ನಡೆಯಲಿಕ್ಕೆ ದಾರಿ, ಪುಟಾಣಿ ರೈಲಿನ ಹಳಿ. ಹಳಿ ಕಂಡ ಕೂಡಲೇ ನನ್ನ ಗಂಡ ಎಂಟು ವರ್ಷದ ಹುಡುಗ ಆದರು. ಹಳೇ ರೈಲಿನಲ್ಲಿ ತಾನು ಎಲ್ಲಿ ಕೂರುತ್ತಿದ್ದೆ, ಯಾವ ತಿರುವಿನಲ್ಲಿ ಕೂಗುತ್ತಿದ್ದೆ ಅಂತೆಲ್ಲ ಮಗನಿಗೆ ಹೇಳಿದ್ದೇ ಹೇಳಿದ್ದು. ಮಗ ಜೋಕಾಲಿಯ ಸಾಲಿನಲ್ಲಿ ನಿಂತಿದ್ದ, ಕೇಳಿಸಿಕೊಳ್ಳಲಿಲ್ಲ.

ತಪ್ಪು ನಮ್ಮದೇ. ಭಾನುವಾರ ಸಂಜೆ ಐದಕ್ಕೆ ಹೋಗಿದ್ದೆವು. ಆ ಹೊತ್ತಿಗೆ ಅರ್ಧ ಊರು ಅಲ್ಲಿರುತ್ತದೆ. ಹದಿನೈದು ನಿಮಿಷ ಕಾದ ಮೇಲೆ ಮಗನಿಗೆ ಹತ್ತು ಸಲ ತೂಗಲಿಕ್ಕೆ ಸಿಕ್ಕಿತು. ಅತ್ತೆಗೆ ದೂರದಲ್ಲೊಂದು ಬೆಂಚು ಸಿಕ್ಕಿತು. ವಾಪಸು ಹೋಗಿ ನೋಡಿದರೆ ಅವರು ಅಲ್ಲಿಲ್ಲ. ಜಾರುಬಂಡಿಯ ಹತ್ತಿರ ಕಂಬ ಹಿಡಿದು ನಿಂತಿದ್ದಾರೆ.

"ಅಲ್ಲಿ ಕೂತರೆ ಮಕ್ಕಳು ಕಾಣುವುದಿಲ್ಲ, ಮಕ್ಕಳು ಕಾಣುವಲ್ಲಿ ಕೂತುಕೊಳ್ಳಲಿಕ್ಕೆ ಜಾಗ ಇಲ್ಲ. ಹಾಗಾದರೆ ನಾನು ಬಂದದ್ದು ಎಂತಕ್ಕೆ?"

ಆಗ ಅದು ಅತ್ತೆಯ ಗೊಣಗಾಟ ಅನ್ನಿಸಿತ್ತು. ಹೊರಗೆ ಬಂದು ಚರುಮುರಿ ತಿಂದ ಮೇಲೆ ಎಲ್ಲರೂ ಸಮಾಧಾನ ಆದೆವು. ಮತ್ತೆ ಒಂದು ಬುಧವಾರ ಶಾಲೆ ಬಿಟ್ಟ ಕೂಡಲೇ ಹೋದೆವು. ಬೇರೆಯೇ ಪಾರ್ಕಿಗೆ ಬಂದ ಹಾಗಿತ್ತು. ಜೋಕಾಲಿ ಖಾಲಿ, ಬೆಂಚು ಖಾಲಿ, ಮರದ ನೆರಳು ಪೂರ್ತಿ ನಮಗೆ. ಕದ್ರಿಗೆ ಹೋಗುವುದಾದರೆ ವಾರದ ನಡುವೆ ಹೋಗಿ. ಇಷ್ಟು ಮಾತ್ರ ನಾನು ಯಾರಿಗಾದರೂ ಧೈರ್ಯವಾಗಿ ಹೇಳಬಲ್ಲೆ.

ಕದ್ರಿಯ ಎದುರು ಜಿಂಕೆ ವನ ಅಂತ ಇದೆ. ಈಗ ಅಲ್ಲಿರುವುದು ಸಂಗೀತ ಕಾರಂಜಿ. ಹೆಸರು ಮಾತ್ರ ಜಿಂಕೆಗಳದ್ದು. ಮಗ ಬೋರ್ಡು ಓದಿದ. "ಜಿಂಕೆ ಎಲ್ಲಿ?" ಪಿಲಿಕುಳದ ಮೃಗಾಲಯಕ್ಕೆ ಕಳಿಸಿದ್ದಾರೆ ಅಂದೆ. ಹೇಳಬಾರದಿತ್ತು. ಮನೆಗೆ ಬರುವವರೆಗೆ ಪಿಲಿಕುಳ, ಮಲಗುವಾಗ ಪಿಲಿಕುಳ, ಬೆಳಿಗ್ಗೆ ಹಲ್ಲುಜ್ಜುವಾಗಲೂ ಪಿಲಿಕುಳ.

ಶಾಲೆಗೆ ಒಂದು ಸೋಮವಾರ ರಜೆ ಸಿಕ್ಕಿತು. ಬುತ್ತಿ ಕಟ್ಟಿಕೊಂಡು ವಾಮಂಜೂರು ದಾಟಿ ಹೋದೆವು. ಪ್ರಾಣಿಗಳ ಕಡೆಗೆ ಹೋಗುವ ಗೇಟು ಮುಚ್ಚಿತ್ತು. ಸೋಮವಾರ ಅವಕ್ಕೂ ರಜೆ. ಮೊದಲೇ ಒಂದು ಸಲ ನೋಡಿಕೊಳ್ಳಬಾರದಿತ್ತಾ ಅಂತ ಗಂಡ ನನ್ನನ್ನು ನೋಡಿದರು, ನಾನು ಗಂಡನನ್ನು ನೋಡಿದೆ. ಅತ್ತೆ ಬುತ್ತಿ ಬಿಚ್ಚಿದರು. ರಸ್ತೆ ಬದಿಯ ಮರದ ಕೆಳಗೆ ಚಿತ್ರಾನ್ನ ತಿಂದು ವಾಪಸು ಬಂದೆವು. ಮಗಳಿಗೆ ಮಾತ್ರ ಅದೇ ಪಿಲಿಕುಳ. ಇವತ್ತಿಗೂ ಚಿತ್ರಾನ್ನ ಕಂಡರೆ "ಪಿಲಿಕುಳ" ಅನ್ನುತ್ತಾಳೆ.

ಇನ್ನೊಂದು ದಿನ ಸರಿಯಾಗಿ ಹೋದೆವು. ತುಳುವಿನಲ್ಲಿ ಪಿಲಿ ಅಂದರೆ ಹುಲಿ, ಕುಳ ಅಂದರೆ ಕೆರೆ. ಹುಲಿಗಳು ನೀರಿಗೆ ಬರುತ್ತಿದ್ದ ಜಾಗ. ಸುಮಾರು 370 ಎಕರೆ. ಪ್ರಾಣಿಗಳದ್ದೇ ಒಂದು ಲೋಕ, ವಿಜ್ಞಾನ ಕೇಂದ್ರ ಒಂದು ಕಡೆ, ತಾರಾಲಯ, ದೋಣಿ ಬಿಡುವ ಕೆರೆ, ಹಳೇ ಕಾಲದ ಜಮೀನ್ದಾರರ ಗುತ್ತಿನ ಮನೆ, ಕುಂಬಾರ, ಕಮ್ಮಾರರ ಕೆಲಸ ತೋರಿಸುವ ಊರು. ಇದನ್ನೆಲ್ಲ ಒಂದೇ ದಿನ ಮೂರು ವರ್ಷದ ಮಗುವಿನ ಜೊತೆ ನೋಡುತ್ತೇನೆ ಅಂದುಕೊಂಡರೆ, ಮಗುವನ್ನು ಹೊತ್ತು ನಡೆಯುವವರು ಯಾರು ಅಂತ ಮೊದಲೇ ಮಾತಾಡಿಕೊಳ್ಳಿ. ನಾವು ಮಾತಾಡಿಕೊಂಡಿರಲಿಲ್ಲ. ಹುಲಿ ಮಲಗಿತ್ತು. ಜಿಂಕೆಗಳು ಸಿಕ್ಕವು, ಮಗನಿಗೆ ನೆಮ್ಮದಿ. ಕಾಳಿಂಗ ಸರ್ಪದ ಮುಂದೆ ಅತ್ತೆ ಕೈಮುಗಿದು ನಿಂತರು. ಮಗಳಿಗೆ ಇದ್ಯಾವುದೂ ಬೇಡ. ದಾರಿಯಲ್ಲಿ ಓಡಾಡುವ ಅಳಿಲಿನ ಹಿಂದೆ ಅರ್ಧ ಗಂಟೆ. ಅಲ್ಲಿನ ಜೈವಿಕ ಉದ್ಯಾನಕ್ಕೆ ಡಾ. ಶಿವರಾಮ ಕಾರಂತರ ಹೆಸರಿದೆ. ಪುತ್ತೂರಿನ ಪರ್ಲಡ್ಕದಲ್ಲಿ ಮಕ್ಕಳಿಗೆಂದೇ ಬಾಲವನ ಮಾಡಿದ ಮನುಷ್ಯ. ಟಿಕೆಟ್ ಕೊಟ್ಟು ಅಳಿಲು ನೋಡುವ ಇವಳನ್ನು ಕಂಡಿದ್ದರೆ ಅವರು ಅವಳ ಪಕ್ಷವೇ ವಹಿಸುತ್ತಿದ್ದರೋ ಏನೋ.

ಪಿಲಿಕುಳ ಒಳ್ಳೆಯ ಜಾಗ. ಆದರೆ ಅದು ವರ್ಷಕ್ಕೆ ಎರಡು ಸಲದ ಜಾಗ. ನಮಗೆ ಬೇಕಿದ್ದದ್ದು ಮಂಗಳವಾರ ಸಂಜೆಯ ಜಾಗ.

ಅಷ್ಟರಲ್ಲಿ ಒಂದು ಎಡವಟ್ಟಾಯಿತು. ಯಾವುದೋ ಬಡಾವಣೆಯ ಪಾರ್ಕು. ಎತ್ತರದ ಜಾರುಬಂಡಿ. ಮಗಳಿಗೆ ಒಬ್ಬಳೇ ಜಾರಲು ಹೆದರಿಕೆ, ಮಡಿಲಲ್ಲಿ ಕೂರಿಸಿಕೊಂಡು ನಾನೇ ಜಾರಿದೆ. ಎಲ್ಲ ತಾಯಂದಿರೂ ಮಾಡುವುದೇ, ಅಲ್ವಾ? ಅರ್ಧದಲ್ಲಿ ಅವಳ ಶೂ ಬದಿಗೆ ಒತ್ತಿ ಕಾಲು ಹಿಂದಕ್ಕೆ ತಿರುಗಿತು. ಜೋರಾಗಿ ಕಿರುಚಿದಳು. ಕೆಳಗೆ ಬಂದ ಮೇಲೆ ಕಾಲು ನೆಲಕ್ಕೆ ಊರುತ್ತಿಲ್ಲ. ಎಕ್ಸ್‌ರೇ ತೆಗೆಸಿದೆವು. ಪುಣ್ಯಕ್ಕೆ ಮೂಳೆಗೆ ಏನೂ ಆಗಿರಲಿಲ್ಲ, ಬರೀ ಉಳುಕು.

ಡಾಕ್ಟರು ಬೈಯದೆ ವಿವರಿಸಿದರು. ಮಗು ಒಂದೇ ಜಾರುವಾಗ ಕಾಲು ಸಿಕ್ಕಿಹಾಕಿಕೊಂಡರೆ ಅದರ ಭಾರ ಕಡಿಮೆ, ಅಲ್ಲೇ ನಿಂತುಬಿಡುತ್ತದೆ. ಮಡಿಲಲ್ಲಿದ್ದರೆ ಹಾಗಲ್ಲ. ಕಾಲು ನಿಲ್ಲುತ್ತದೆ, ಹಿಂದಿನಿಂದ ದೊಡ್ಡವರ ಇಡೀ ಭಾರ ತಳ್ಳುತ್ತಾ ಕೆಳಗೆ ಹೋಗುತ್ತದೆ. ಸಣ್ಣ ಮಕ್ಕಳ ಮೊಣಕಾಲಿನ ಕೆಳಗಿನ ಮೂಳೆ ಹೀಗೇ ಮುರಿಯುವುದುಂಟು. ಕಾಪಾಡಲಿಕ್ಕೆ ಅಂತ ಹಿಡಿದುಕೊಂಡದ್ದೇ ಪೆಟ್ಟಿಗೆ ಕಾರಣ. ಒಬ್ಬಳೇ ಜಾರುವ ಧೈರ್ಯ ಇಲ್ಲದಿದ್ದರೆ ಆ ಜಾರುಬಂಡಿ ಅವಳಿಗೆ ದೊಡ್ಡದು ಅಂತಲೇ ಲೆಕ್ಕ, ಸಣ್ಣದು ಹುಡುಕಿ ಅಂದರು.

ಅಂದಿನಿಂದ ನನಗೆ ಪಾರ್ಕು ಪಾರ್ಕಿನ ಹಾಗೆ ಕಾಣುವುದು ನಿಂತಿತು. ಹೋದ ಕೂಡಲೇ ಬಗ್ಗಿ ನೆಲ ನೋಡುತ್ತೇನೆ. ಜೋಕಾಲಿಯ ಕೆಳಗೆ ಏನಿದೆ? ಮರಳು, ಮಣ್ಣು, ರಬ್ಬರ್ ಹಾಸು ಆದರೆ ಸರಿ. ಇಂಟರ್‌ಲಾಕ್ ಕಲ್ಲು ಹಾಸಿದ್ದರೆ ಚಂದ ಕಾಣುತ್ತದೆ, ಬಿದ್ದರೆ ಹಣೆ ಒಡೆಯುತ್ತದೆ. ಆಮೇಲೆ ಸರಪಳಿ. ನಮ್ಮದು ಉಪ್ಪುಗಾಳಿಯ ಊರು, ಕಬ್ಬಿಣ ಬೇಗ ತಿಂದುಹೋಗುತ್ತದೆ. ಬಣ್ಣ ಹೊಸದಿದ್ದರೂ ಕೊಂಡಿ ಸವೆದಿರುತ್ತದೆ. ಮೇಲಿನ ಕೊಂಡಿ ನೋಡಬೇಕು, ಅಲ್ಲೇ ಉಜ್ಜುವುದು. ಏಪ್ರಿಲ್‌ನಲ್ಲಾದರೆ ಜಾರುಬಂಡಿಗೆ ಮೊದಲು ನನ್ನ ಕೈ. ತಗಡಿನದ್ದಾದರೆ ಸಂಜೆ ನಾಲ್ಕಕ್ಕೂ ದೋಸೆಕಲ್ಲಿನ ಹಾಗಿರುತ್ತದೆ. ಗಂಡ ನನಗೆ ಇನ್‌ಸ್ಪೆಕ್ಟರ್ ಅಂತ ಹೆಸರಿಟ್ಟರು.

ಅತ್ತೆಯದ್ದು ಬೇರೆ ಇನ್‌ಸ್ಪೆಕ್ಷನ್. ಟಾಯ್ಲೆಟ್ ಎಲ್ಲಿ? ಬಾಗಿಲಿಗೆ ಚಿಲಕ ಉಂಟಾ? ಮೆಟ್ಟಿಲು ಎಷ್ಟು? ಬೆಂಚಿಗೆ ಬೆನ್ನು ಉಂಟಾ? ಬೆನ್ನಿಲ್ಲದ ಬೆಂಚಿನಲ್ಲಿ ಅವರು ಹತ್ತು ನಿಮಿಷಕ್ಕಿಂತ ಜಾಸ್ತಿ ಕೂರಲಾರರು. ಅತ್ತೆ ಏಳುತ್ತೇನೆ ಅಂದರೆ ನಮ್ಮ ಆಟ ಮುಗಿಯಿತು. ಅಂದರೆ ಮಕ್ಕಳ ಆಟ ಎಷ್ಟು ಹೊತ್ತು ಅನ್ನುವುದನ್ನು ಜೋಕಾಲಿ ತೀರ್ಮಾನಿಸುತ್ತಿರಲಿಲ್ಲ, ಬೆಂಚು ತೀರ್ಮಾನಿಸುತ್ತಿತ್ತು. ಇದು ನನಗೆ ಹೊಳೆದದ್ದು ಬಾವುಟಗುಡ್ಡೆಯಲ್ಲಿ.

ಅಲ್ಲಿ ಟಾಗೋರ್ ಪಾರ್ಕ್ ಇದೆ, ಹಳೇ ಲೈಟ್‌ಹೌಸಿನ ಹತ್ತಿರ. ಆಟದ ಸಾಮಾನಿಗಾಗಿ ಹೋಗುವ ಜಾಗ ಅಲ್ಲ. ಗುಡ್ಡೆಯ ಮೇಲೆ ಗಾಳಿ ಚೆನ್ನಾಗಿ ಬರುತ್ತದೆ, ಹಳೇ ಮರಗಳು, ದೂರದಲ್ಲಿ ಸಮುದ್ರದ ಕಡೆ ಸೂರ್ಯ ಇಳಿಯುತ್ತಾನೆ. ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ನಿಂತಿದೆ. ಯಾರಿವರು ಅಂತ ಮಗ ಕೇಳಿದ. 1837ರಲ್ಲಿ ಇವರ ಮುಂದಾಳತ್ವದಲ್ಲಿ ಸುಳ್ಯ ಕಡೆಯಿಂದ ರೈತರು ಬಂದದ್ದು, ಈಸ್ಟ್ ಇಂಡಿಯಾ ಕಂಪನಿಯ ಬಾವುಟ ಇಳಿಸಿ ಇದೇ ಗುಡ್ಡೆಯಲ್ಲಿ ತಮ್ಮ ಬಾವುಟ ಹಾರಿಸಿದ್ದು, 13 ದಿನ ಊರು ಅವರ ಕೈಯಲ್ಲಿದ್ದದ್ದು, ಎಲ್ಲ ಅತ್ತೆ ಹೇಳಿದರು. ಕೂತಲ್ಲಿಂದಲೇ, ಒರಗಿಕೊಂಡು, ಆರಾಮವಾಗಿ. ಮಗ ಒಂದು ಕೋಲಿಗೆ ನನ್ನ ಕರ್ಚೀಫು ಕಟ್ಟಿ ಬಾವುಟ ಮಾಡಿದ. ಜೋಕಾಲಿ ಇಲ್ಲದೆ ಒಂದೂವರೆ ಗಂಟೆ ಕಳೆಯಿತು. ಮನೆಗೆ ಹೋಗುವ ಅಂದವಳು ನಾನೇ, ಸೊಳ್ಳೆ ಶುರುವಾಗಿತ್ತು.

ಡಿಸೆಂಬರಿನಲ್ಲಿ ತಣ್ಣೀರುಬಾವಿ. ಕಾರಿನಲ್ಲಿ ಸುತ್ತಿ ಹೋಗಬಹುದು, ಆದರೆ ಮಕ್ಕಳಿದ್ದರೆ ಸುಲ್ತಾನ್ ಬತ್ತೇರಿಗೆ ಹೋಗಿ ದೋಣಿ ಹತ್ತಿ. ಟಿಪ್ಪು ಕಟ್ಟಿಸಿದ ಕಪ್ಪು ಕಲ್ಲಿನ ಕಾವಲು ಗೋಪುರ ಒಂದು ದಡದಲ್ಲಿ, ಫಲ್ಗುಣಿ ಹೊಳೆ ದಾಟಿದರೆ ಆಚೆ ಮರಳು ದಿಬ್ಬ, ಅದರಾಚೆ ಕಡಲು. ಅತ್ತೆ ಬರುವುದಿಲ್ಲ ಅಂದುಕೊಂಡಿದ್ದೆ. ದೋಣಿಯವರು ಕೈ ಚಾಚಿ, "ಅಮ್ಮ, ಮೆಲ್ಲ, ಮೆಲ್ಲ" ಅಂದರು. ಅತ್ತೆ ಸೀರೆಯ ನೆರಿಗೆ ಎತ್ತಿ ಹಿಡಿದು ಸಲೀಸಾಗಿ ಇಳಿದು ಕೂತರು. ಅವರ ತವರು ಉದ್ಯಾವರದ ಹೊಳೆಯ ಬದಿ. ಮದುವೆಗೆ ಮುಂಚೆ ದೋಣಿಯಲ್ಲೇ ಓಡಾಟ ಅಂತೆ. ಹದಿನೈದು ವರ್ಷದಲ್ಲಿ ನನಗೆ ಅದು ಗೊತ್ತಿರಲಿಲ್ಲ, ನಾನು ಕೇಳಿಯೂ ಇರಲಿಲ್ಲ.

ಆಚೆ ದಡದಲ್ಲಿ ಟ್ರೀ ಪಾರ್ಕ್ ಇದೆ, ಮತ್ತೆ ಗಾಳಿಮರಗಳ ನೆರಳು. ಮರಳಿನಲ್ಲಿ ಬಿಟ್ಟರೆ ಮಕ್ಕಳಿಗೆ ಬೇರೇನೂ ಬೇಡ. ಬಿದ್ದರೂ ಪೆಟ್ಟಾಗದ ನೆಲ, ಮುಗಿಯದ ಆಟದ ಸಾಮಾನು. ಎರಡು ಚಿಪ್ಪು, ಒಂದು ಹಳೇ ಡಬ್ಬ ತಂದಿದ್ದೆವು, ಸಾಕಾಯಿತು. ಆದರೆ ನೀರಿನ ಹತ್ತಿರ ಒಬ್ಬರು ದೊಡ್ಡವರು ಕಾಯುತ್ತಲೇ ಇರಬೇಕು, ಮೊಬೈಲು ಜೇಬಿನಲ್ಲೇ ಇರಬೇಕು. ನಮ್ಮ ಕಡಲಿಗೆ ಎಳೆತ ಜಾಸ್ತಿ. ಮಳೆಗಾಲದಲ್ಲಂತೂ ದಂಡೆಗೂ ಇಳಿಸಬಾರದು.

ವರ್ಷದ ಕೊನೆಯ ರಜೆಗೆ ನನ್ನ ತವರು, ಉಡುಪಿ. ಅಲ್ಲಿ ಹುಡುಕುವ ಕೆಲಸವೇ ಇಲ್ಲ, ನಾನೇ ಆಡಿ ಬೆಳೆದ ಅಜ್ಜರಕಾಡಿನ ಭುಜಂಗ ಪಾರ್ಕ್. ಮಧ್ಯದಲ್ಲಿ ಹಳೇ ರೇಡಿಯೋ ಗೋಪುರ. ಮನೆಯಲ್ಲಿ ರೇಡಿಯೋ ಇಲ್ಲದ ಕಾಲದಲ್ಲಿ ಜನ ಸಂಜೆ ಇಲ್ಲಿ ಬಂದು ಕೂತು ಕೇಳುತ್ತಿದ್ದರು ಅಂತ ನನ್ನ ಅಮ್ಮ ಹೇಳುತ್ತಾರೆ. 1934ರಲ್ಲಿ ಗಾಂಧೀಜಿ ಉಡುಪಿಗೆ ಬಂದಾಗ ಮಾತಾಡಿದ್ದೂ ಅಜ್ಜರಕಾಡಿನಲ್ಲೇ. ಅಮ್ಮ ಮತ್ತು ಅತ್ತೆ ಒಂದು ಬೆಂಚು ಹಿಡಿದರು. ಎರಡು ಗಂಟೆ ಏಳಲಿಲ್ಲ. ಏನು ಮಾತಾಡಿದರೋ ಗೊತ್ತಿಲ್ಲ, ನಾನು ಹತ್ತಿರ ಹೋದಾಗ ಇಬ್ಬರೂ ಮಾತು ನಿಲ್ಲಿಸಿ ನಕ್ಕರು. ಮರುದಿನ ಮಣಿಪಾಲದ ಮಣ್ಣಪಳ್ಳಕ್ಕೆ ಹೋದೆವು. ಪಳ್ಳ ಅಂದರೆ ಕೆರೆ. ಸುತ್ತ ನಡೆಯುವ ದಾರಿ ಚೆನ್ನಾಗಿದೆ, ಸೈಕಲ್ ಕಲಿಯುವ ವಯಸ್ಸಿನ ಮಗನಿಗೆ ಓಡಲಿಕ್ಕೆ ಬೇಕಾದಷ್ಟು ಜಾಗ. ಆದರೆ ಅತ್ತೆಗೆ ಭುಜಂಗ ಪಾರ್ಕೇ ಸರಿ. ಅವರು ಅಲ್ಲಿ ಗೆಳತಿಯನ್ನು ಸಂಪಾದಿಸಿದ್ದರು.

ಮಂಗಳೂರಿಗೆ ಬಂದ ಮೇಲೆ ನಾನು ದೂರದ್ದನ್ನು ಹುಡುಕುವುದು ಬಿಟ್ಟೆ. ಮನೆಯಿಂದ ಹತ್ತು ನಿಮಿಷದ ಒಳಗೆ ನಡೆದು ಹೋಗುವಲ್ಲಿ ಏನಿದೆ ಅಂತ ನೋಡಲು ಶುರುಮಾಡಿದೆ. ಹಾಲು ತರುವ ಹೆಂಗಸು ಹೇಳಿದರು, ಹಿಂದಿನ ರಸ್ತೆಯ ಇಳಿಜಾರಿನ ಕೊನೆಗೆ ಒಂದು ಸಣ್ಣ ಪಾರ್ಕ್ ಉಂಟಲ್ಲ. ಮೂರು ವರ್ಷದಿಂದ ಇಲ್ಲಿದ್ದೇವೆ, ನಮಗೆ ಗೊತ್ತಿರಲಿಲ್ಲ. ಕಾರಿನಲ್ಲಿ ಓಡಾಡುವವರಿಗೆ ಅಂಥ ಜಾಗ ಕಾಣುವುದೇ ಇಲ್ಲ.

ಅದರ ಹೆಸರು ಹೇಳುವುದಿಲ್ಲ. ಹೇಳಿದರೆ ನಮ್ಮ ಬೆಂಚು ಹೋಗುತ್ತದೆ.

ಎರಡು ಜೋಕಾಲಿ, ಒಂದು ಗಿಡ್ಡ ಜಾರುಬಂಡಿ, ಒಂದು ಸೀ-ಸಾ. ಕೆಳಗೆ ಮಣ್ಣು. ಒಂದು ದೊಡ್ಡ ಹಲಸಿನ ಮರ. ಮರದ ಕೆಳಗೆ ಬೆನ್ನಿರುವ ಸಿಮೆಂಟ್ ಬೆಂಚು, ಅದಕ್ಕೆ ಎದುರಾಗಿಯೇ ಜೋಕಾಲಿ. ಒಂದೇ ಗೇಟು, ಅದೂ ಬೆಂಚಿನಿಂದ ಕಾಣುತ್ತದೆ. ಟಾಯ್ಲೆಟ್ ಇಲ್ಲ, ಆದರೆ ಮನೆ ಹತ್ತಿರ. ಅತ್ತೆ ಒಂದು ಸುತ್ತು ನೋಡಿದರು, ಕೂತರು, ಒರಗಿದರು. "ಸಾಕು ಮಗಾ, ಇದೇ ಸಾಕು."

ಒಂದು ಜೋಕಾಲಿಯ ಕೊಂಡಿ ಪೂರ್ತಿ ಸವೆದಿತ್ತು. ಬೆರಳಿನ ದಪ್ಪ ಇರಬೇಕಾದ್ದು ಕಡ್ಡಿಯಷ್ಟಾಗಿತ್ತು. ಫೋಟೋ ತೆಗೆದು ಸಂಬಂಧಪಟ್ಟವರಿಗೆ ಕಳಿಸಿದೆ. ನೋಡುತ್ತೇವೆ ಅಂದರು. ಮರುವಾರ ಮತ್ತೆ ಫೋನ್ ಮಾಡಿದೆ, ನೋಡುತ್ತೇವೆ ಅಂದರು. ಅಷ್ಟರವರೆಗೆ ಬೇರೆ ಮಕ್ಕಳು ಕೂರುತ್ತಾರಲ್ಲ? ಅತ್ತೆ ಮನೆಯಿಂದ ಮಾವನ ಹಳೇ ಪಂಚೆಯ ತುಂಡು ತಂದು ಎರಡೂ ಸರಪಳಿಯನ್ನು ಸೇರಿಸಿ ಮೂರು ಗಂಟು ಹಾಕಿದರು. ಗಂಟು ಬಿಚ್ಚಲು ಬಂದ ಮಕ್ಕಳಿಗೆ ಬೆಂಚಿನಿಂದಲೇ ಒಂದು ಗದರಿಕೆ. ಹಾಗೆ ಅವರು ಆ ಪಾರ್ಕಿನ ಅಜ್ಜಿ ಆದರು. ನಾಲ್ಕನೇ ಫೋನಿಗೆ, ಮೂರು ವಾರ ಕಳೆದ ಮೇಲೆ, ಒಬ್ಬರು ಬಂದು ಹೊಸ ಕೊಂಡಿ ಹಾಕಿದರು. ಹತ್ತು ನಿಮಿಷದ ಕೆಲಸ. ಪಂಚೆಯ ತುಂಡನ್ನು ಅವರೇ ಮಡಚಿ ಅತ್ತೆಯ ಕೈಗೆ ಕೊಟ್ಟು ಹೋದರು.

ಫೆಬ್ರವರಿಯಿಂದ ಮೇವರೆಗೆ ದಿನಾ ಸಂಜೆ ಅಲ್ಲೇ. ಹೆಸರು ಗೊತ್ತಿಲ್ಲದ ಎಷ್ಟೋ ಮಕ್ಕಳು ನನಗೆ ಆಂಟಿ ಅನ್ನುತ್ತವೆ. ಅತ್ತೆಯ ಬೆಂಚಿಗೆ ಇನ್ನಿಬ್ಬರು ಅಜ್ಜಿಯರು, ಒಬ್ಬರು ಬ್ಯಾರಿ ಭಾಷೆಯವರು, ಒಬ್ಬರು ಕೊಂಕಣಿ ಮಾತಾಡುವವರು. ಹಲಸಿನ ಕಾಯಿಯ ಪಾಲಿನ ವಿಷಯದಲ್ಲಿ ಮೂವರಿಗೂ ಒಂದು ಸಲ ಮನಸ್ತಾಪ ಆಯಿತು. ಹಪ್ಪಳ ಆದ ಮೇಲೆ ಸರಿಹೋಯಿತು.

ಆಮೇಲೆ ಜೂನ್. ನಮ್ಮ ಮಳೆ ನಿಮಗೆ ಗೊತ್ತಲ್ಲ. ಒಂದು ವಾರದಲ್ಲಿ ಜಾರುಬಂಡಿಗೆ ಪಾಚಿ ಹಿಡಿಯಿತು. ಮಕ್ಕಳ ಕಾಲು ಉಜ್ಜಿ ಉಜ್ಜಿ ಜೋಕಾಲಿಯ ಕೆಳಗೆ ಆಗಿದ್ದ ಗುಂಡಿ ಕೆರೆಯಾಯಿತು. ನಿಂತ ನೀರು ಅಂದರೆ ಈ ಊರಲ್ಲಿ ಮಲೇರಿಯಾ, ಡೆಂಗ್ಯೂ ನೆನಪಾಗಬೇಕು. ಗಂಡ ಒಂದು ಭಾನುವಾರ ಹಾರೆ ಹಿಡಿದು ಗುಂಡಿಯಿಂದ ಚರಂಡಿಗೆ ಸಣ್ಣ ಕಣಿ ತೋಡಿ ಬಂದರು. ಆದರೆ ಆಟ ನಿಂತಿತು.

ಈಗ ಸಂಜೆ ಮಳೆ ಸುರಿಯುವಾಗ ಮಕ್ಕಳು ಪಾರ್ಕಿಂಗಿನಲ್ಲಿದ್ದಾರೆ. ಸ್ಪಂಜಿನ ಚೆಂಡು, ಅಂಡರ್‌ಆರ್ಮ್ ಮಾತ್ರ, ಗೋಡೆಗೆ ತಾಗಿದರೆ ಔಟ್. ಲಿಫ್ಟಿನ ಪಕ್ಕದ ಚೀಟಿ ಇನ್ನೂ ಇದೆ, ತೇವಕ್ಕೆ ಅರ್ಧ ಅಕ್ಷರ ಹೋಗಿದೆ. ಅತ್ತೆಗೆ ಒಂದು ಪ್ಲಾಸ್ಟಿಕ್ ಕುರ್ಚಿ ಕೆಳಗೆ ತಂದಿಟ್ಟಿದ್ದೇವೆ, ಬೆನ್ನಿರುವುದು. ನಿನ್ನೆ ಎರಡನೇ ಮಹಡಿಯ ಅಂಕಲ್ ನೆನೆದುಕೊಂಡು ಬಂದರು. ಸ್ಕೂಟರ್ ನಿಲ್ಲಿಸಿ ಎರಡೂ ಕನ್ನಡಿಗಳನ್ನು ಒಳಗೆ ಮಡಚಿದರು. ಹೆಲ್ಮೆಟ್ ತೆಗೆದು, "ನನಗೂ ಒಂದು ಓವರ್ ಉಂಟಾ?" ಅಂತ ಮಗನನ್ನು ಕೇಳಿದರು.